ಕಮಾನಿನ ಕೆಳಗಿನ ಮಣ್ಣು

"ಇದರ ಕೆಳಗಿನ ಮಣ್ಣು ಯಾರು ತಗದ್ರೋ ತಮ್ಮಾ?"

ನನ್ನ ಪುಸ್ತಕದಲ್ಲಿದ್ದ ರೋಮಿನ ಕಲ್ಲಿನ ಕಮಾನಿನ ಚಿತ್ರದ ಮೇಲೆ ಬೆರಳಿಟ್ಟು ಅಜ್ಜಿ ಕೇಳಿದಳು. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಹೈದರಾಬಾದಿನಲ್ಲಿ ಪಾಶ್ಚಾತ್ಯ ವಾಸ್ತುಶಿಲ್ಪದ ಇತಿಹಾಸ ಓದುತ್ತಿದ್ದ ನಾನು ರಜೆಗೆ ನಮ್ಮೂರು ವಲಾಂಡಿಗೆ ಬಂದಿದ್ದೆ. ಅಕ್ಷರ ಬಾರದ ಅಜ್ಜಿಗೆ ದೊಡ್ಡಸ್ತಿಕೆಯಿಂದಲೇ ಹೇಳಿದೆ: ಮಣ್ಣಲ್ಲ, ಕಟ್ಟಿಗೆಯ ಚೌಕಟ್ಟಿನ ಮೇಲೆ ಕಲ್ಲು ಜೋಡಿಸಿ, ಆಮೇಲೆ ಚೌಕಟ್ಟು ತೆಗೆಯುತ್ತಿದ್ದರು.

"ನಮ್ಮ ಹೊಲದ ಬಾವಿಗೆ ಅಷ್ಟು ಕಟ್ಟಿಗಿ ಎಲ್ಲಿಂದ ತರೂದು? ಮಣ್ಣು ತುಂಬಿ ಅದರ ಮ್ಯಾಲ ಕಮಾನು ಕಟ್ಟಿದ್ರು. ಕಡೀ ಬುಟ್ಟಿ ಮಣ್ಣು ಮನಿಯವ್ರೇ ತಗೀಬೇಕಂತ ಕಮಾನು ಕಟ್ಟಿದ ಗೌಂಡಿ ಅಂದ. ಕಮಾನು ಬೀಳ್ತದೇನೋ ಅಂತ ಗಂಡಸ್ರೆಲ್ಲಾ ಮಾರಿ ಮಾರಿ ನೋಡಕೋತ ನಿಂತ್ರು. ನಾ ಸೆರಗು ಸೊಂಟಕ್ಕ ಸಿಗಿಸಿ ಒಳಗ ಹೊಕ್ಕೆ."

ಬಾವಿಯ ಮೆಟ್ಟಿಲ ಮೇಲಿನ ಆ ಕಮಾನಿನ ಕೆಳಗೆ ನಾನು ಬಾಲ್ಯವಿಡೀ ಓಡಾಡಿದ್ದೆ. ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಅಂದು ಸಂಜೆ ಹೋಗಿ ನೋಡಿದೆ. ಒಂದು ಕಲ್ಲೂ ಕದಲಿರಲಿಲ್ಲ.

ಆ ವರ್ಷದ ಪರೀಕ್ಷೆಯಲ್ಲಿ ರೋಮಿನ ಕಮಾನಿನ ಚಿತ್ರ ಬರೆಯಲು ಕೇಳಿದ್ದರು. ಎತ್ತರ ತಿಳಿಯಲೆಂದು ಅದರ ಕೆಳಗೊಂದು ಮನುಷ್ಯಾಕೃತಿ ಇರಬೇಕಿತ್ತು. ನಾನು ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಹೆಂಗಸನ್ನು ಬರೆದೆ.