ಕೊಳೆ ಕೇಳಲು ಹೋದವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಕೆ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ ಆಗಿತ್ತು. ಅಲ್ಲಿ ಎಲ್ಲರೂ ಆಕೆಯನ್ನು ಬ್ಲೀಚಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಆಕೆಗೆ ಅದರಿಂದ ಬೇಸರವಿರಲಿಲ್ಲ. ರಕ್ತ, ಕೀವು, ಔಷಧಿ, ಏನೇ ಅಂಟಿದ ಚಾದರ ಬಂದರೂ ಹಾಲಿನ ಹಾಗೆ ಬಿಳುಪಾಗಿ ಹೋಗಬೇಕು. ಮೊದಲು ತಣ್ಣೀರು, ಆಮೇಲೆ ಕುದಿನೀರು, ಆಮೇಲೆ ಬ್ಲೀಚಿಂಗ್ ಪೌಡರು, ಆಮೇಲೆ ಏಳು ಸಲ ಜಾಲಿಸುವುದು. ಆರು ಸಲ ಜಾಲಿಸಿ ಏಳು ಎಂದು ಸುಳ್ಳು ಹೇಳಿದವರನ್ನು ಆಕೆ ಬಟ್ಟೆ ಮೂಸಿಯೇ ಹಿಡಿಯುತ್ತಿದ್ದಳು.

ಮನೆಯಲ್ಲೂ ಅದೇ ಕಾನೂನು. ಯಜಮಾನರು ಮೋಟಾರ್ ವೈಂಡಿಂಗ್ ಮಾಡುವವರು. ಕೈತುಂಬ ಗ್ರೀಸು, ಅಂಗಿತುಂಬ ವಾರ್ನಿಷ್ ವಾಸನೆ. ಬಾಗಿಲ ಹೊರಗೇ ಅಂಗಿ ಬಿಚ್ಚಿ ಒಳಗೆ ಬರಬೇಕು. ಬರುತ್ತಿದ್ದರು. ಒಂದು ದಿನವೂ ಎದುರಾಡಿದವರಲ್ಲ. ಮಕ್ಕಳಿರಲಿಲ್ಲ, ಜಗಳವಾಡಲು ಕಾರಣವೂ ಹೆಚ್ಚಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರ ಮಾತೇ ನಡೆಯಬೇಕಿತ್ತು. ಮುಂದಿನ ಕೋಣೆಯಲ್ಲಿ, ಅವರೇ ಬೆಸುಗೆ ಹಾಕಿ ಮಾಡಿದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂರಡಿಯ ಗಾಜಿನ ತೊಟ್ಟಿ. ಅದರಲ್ಲಿ ಬಂಗಾರದ ಬಣ್ಣದ ಆರು ಮೀನು, ಸದಾ ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಕರಿ ಮೀನು ಒಂದು. ಬಂಗಾರದವುಗಳಲ್ಲಿ ಒಂದಕ್ಕೆ ಹನ್ನೊಂದು ವರ್ಷ. ತಲೆ ಬೆಳ್ಳಗಾಗಿತ್ತು, ಹೊಟ್ಟೆ ಜೋತುಬಿದ್ದಿತ್ತು. ಉಳಿದವು ಎತ್ತ ಹೋದರೂ ಹಿಂದೆಯೇ ಹೋಗಿ ನೋಡಿಕೊಂಡು ಬರುತ್ತಿತ್ತು. ಯಜಮಾನರು ಅದನ್ನು ಮೇಸ್ತ್ರಿ ಎನ್ನುತ್ತಿದ್ದರು. ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಅದರ ಮುಂದೆ ಕೂರುತ್ತಿದ್ದರು. ಹೆಂಡತಿಯ ಜೊತೆ ಆಡಿದ್ದಕ್ಕಿಂತ ಎರಡು ಮಾತು ಹೆಚ್ಚೇ ಅದರ ಜೊತೆ ಆಡಿರಬೇಕು.

"ಮನೇಲಿ ಏನ್ ಬೇಕಾದ್ರೂ ತೊಳಿ. ಇದಕ್ಕೆ ಮಾತ್ರ ಕೈ ಹಾಕ್ಬೇಡ ಕಣೆ," ಎನ್ನುತ್ತಿದ್ದರು. ಯಾಕೆಂದು ಹೇಳಲಿಲ್ಲ. ಆಕೆ ಕೇಳಲೂ ಇಲ್ಲ.

ಯಜಮಾನರು ಕಾಯಿಲೆ ಬಿದ್ದು ಆಕೆಯ ಆಸ್ಪತ್ರೆಯಲ್ಲೇ ನಲವತ್ತು ದಿನ ಮಲಗಿದ್ದರು. ಅವರ ಹಾಸಿಗೆಯ ಚಾದರವನ್ನು ಆಕೆ ಯಂತ್ರಕ್ಕೆ ಹಾಕಲು ಬಿಡಲಿಲ್ಲ. ದಿನಾ ಕೈಯಲ್ಲೇ ಒಗೆದಳು. ಅವರು ಹೋದರು. ಮನೆಗೆ ಬಂದವಳು ಒಂದು ವಾರ ಸುಮ್ಮನಿದ್ದು, ಎಂಟನೇ ದಿನ ಅವರ ಅಂಗಿಗಳನ್ನೆಲ್ಲ ತೆಗೆದು ಒಗೆದುಹಾಕಿದಳು. ಒಣಗಿದ ಮೇಲೆ ಮಡಿಸುವಾಗ ಒಂದನ್ನು ಮುಖಕ್ಕೆ ಒತ್ತಿಕೊಂಡಳು. ಸೋಪಿನ ವಾಸನೆ ಬಂತು. ಇನ್ನೊಂದನ್ನು ಮೂಸಿದಳು. ಅದೂ ಸೋಪೇ. ಹದಿನಾಲ್ಕು ಅಂಗಿಗಳಲ್ಲಿ ಒಂದರಲ್ಲೂ ಆ ಮನುಷ್ಯ ಇರಲಿಲ್ಲ. ಅವತ್ತು ಆಕೆ ಅತ್ತ ಹಾಗೆ ಅವರು ಹೋದ ದಿನವೂ ಅತ್ತಿರಲಿಲ್ಲ.

ಇನ್ನು ಉಳಿದದ್ದು ಮೀನು. ದಿನಾ ಬೆಳಗ್ಗೆ ಒಂದು ಚಿಟಿಕೆ ಕಾಳು ಹಾಕುತ್ತಿದ್ದಳು. ಮೇಸ್ತ್ರಿ ಮೇಲೆ ಬಂದು ತಿನ್ನುತ್ತಿತ್ತು. ತಿಂದು, ಬಾಗಿಲ ಕಡೆ ತಿರುಗಿ ನಿಲ್ಲುತ್ತಿತ್ತು. ಹಾಗೆಂದು ಆಕೆಗೆ ಅನಿಸುತ್ತಿತ್ತು.

ಎರಡು ತಿಂಗಳಾಯಿತು. ಗಾಜಿನ ಒಳಗೆ ಹಸಿರು ಕಟ್ಟಿತು. ಮೂಲೆಯಲ್ಲಿ ನೀರು ಸೋಸುವ ಡಬ್ಬ, ಅದರ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆ ಸುರಿಸುತ್ತಿತ್ತು. ನೋಡಿದಾಗಲೆಲ್ಲ ಆಕೆಗೆ ಕೈ ಕಡಿಯುತ್ತಿತ್ತು. ಅವರಿದ್ದಿದ್ದರೆ ಹೀಗೆ ಬಿಡುತ್ತಿದ್ದರೇ? ಸತ್ತವರ ಮೀನನ್ನು ಹೊಲಸಿನಲ್ಲಿ ಇಟ್ಟಿದ್ದಾಳೆ ಎಂದು ನೋಡಿದವರು ಅನ್ನುವುದಿಲ್ಲವೇ?

ಒಂದು ಭಾನುವಾರ ಸೊಂಟ ಕಟ್ಟಿ ನಿಂತಳು. ಮೀನುಗಳನ್ನು ಟಬ್ಬಿಗೆ ಹಾಕಿದಳು. ತಳದ ಕಲ್ಲುಗಳನ್ನು ಕುದಿಸಿದಳು. ಸ್ಪಂಜನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಹಾಕಿ, ಹಿಂಡಿ, ಏಳು ಸಲ ಜಾಲಿಸಿದಳು. ಅದು ಹೊಸದರಂತೆ ಬೆಳ್ಳಗಾಯಿತು. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ಹೊಳೆಯಿತು. ಸಂಜೆ ಹೊಸ ನೀರು ತುಂಬಿ ಮೀನುಗಳನ್ನು ಬಿಟ್ಟು, ಯಜಮಾನರು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು ನೋಡಿದಳು. ಎರಡು ತಿಂಗಳಲ್ಲಿ ಮೊದಲ ಸಲ ಒಂದು ಕೆಲಸ ಮಾಡಿದೆ ಅನಿಸಿತು.

ಬುಧವಾರ ನೀರು ಗಂಜಿಯ ಹಾಗಾಯಿತು. ಗುರುವಾರ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗತೊಡಗಿದವು. ಶುಕ್ರವಾರ ಬೆಳಗ್ಗೆ ಎರಡು ಅಂಗಾತ ತೇಲುತ್ತಿದ್ದವು. ಆಕೆಗೆ ಗೊತ್ತಿದ್ದ ಉಪಾಯ ಒಂದೇ. ಮತ್ತೆ ಎಲ್ಲ ತೊಳೆದಳು. ಶನಿವಾರ ಇನ್ನೊಂದು ಸತ್ತಿತು. ಮೇಸ್ತ್ರಿ ತಳಕ್ಕೆ ಹೋಗಿ ಒಂದು ಮಗ್ಗುಲಾಗಿ ಮಲಗಿತ್ತು. ರೆಕ್ಕೆಯಲ್ಲಿ ಕೆಂಪು ಗೆರೆ ಎದ್ದಿತ್ತು. ಗಾಜು ತಟ್ಟಿದರೆ ಕಿವಿರು ಮಾತ್ರ ಆಡುತ್ತಿತ್ತು.

ಆಕೆ ಮಲಗಿದವರನ್ನು ನಲವತ್ತು ದಿನ ನೋಡಿದವಳು. ಇದು ಯಾವ ಮಲಗುವಿಕೆ ಎಂದು ತಿಳಿಯಿತು. ಚಪ್ಪಲಿ ಮೆಟ್ಟಿ ಮೀನಿನ ಅಂಗಡಿಗೆ ಓಡಿದಳು.

ಅಂಗಡಿಯವನು ಎಲ್ಲ ಕೇಳಿಸಿಕೊಂಡ. "ಸ್ಪಂಜನ್ನ ಏನ್ ಮಾಡಿದ್ರಿ ಅಂದ್ರಿ?"

"ಬ್ಲೀಚಿಂಗ್ ಹಾಕಿ ತೊಳೆದೆ. ಏಳು ಸಲ ಜಾಲಿಸಿದೀನಿ, ಒಂಚೂರೂ ವಾಸನೆ ಇಲ್ಲ."

ಆತ ತಲೆಯ ಮೇಲೆ ಕೈ ಇಟ್ಟುಕೊಂಡ. "ಏನಮ್ಮಾ ನೀವು! ಆ ಕೊಳೆಯಿಂದಾನೇ ಅವು ಬದುಕಿದ್ದಿದ್ದು."

"ಕೊಳೆಯಿಂದ ಯಾರಾದ್ರೂ ಬದುಕ್ತಾರಾ?"

"ಮೀನು ಬದುಕುತ್ತೆ. ನೋಡಿ, ಅದು ಉಚ್ಚೆ ಹೊಯ್ಯೋದೂ ಅದೇ ನೀರಲ್ಲಿ, ಉಸಿರಾಡೋದೂ ಅದೇ ನೀರಲ್ಲಿ. ಅದು ವಿಷ ಆಗುತ್ತೆ. ಆ ವಿಷ ತಿಂದು ಅರಗಿಸ್ಕೊಳ್ಳೋ ಸಣ್ಣ ಸಣ್ಣ ಜೀವಗಳಿವೆ, ಕಣ್ಣಿಗೆ ಕಾಣಲ್ಲ. ಅವು ಇರೋದು ಸ್ಪಂಜಿನ ಕೊಳೆಯಲ್ಲಿ, ಕಲ್ಲಿನ ಕೊಳೆಯಲ್ಲಿ. ನೀವು ಅವನ್ನೆಲ್ಲ ಕುದಿಸಿ ಸಾಯಿಸಿದ್ರಿ."

"ಅಂದ್ರೆ ನಾನೇ ಕೊಂದೆ."

"ಹಾಗಲ್ಲಮ್ಮ, ಗೊತ್ತಿಲ್ದೆ..."

"ಕೊಂದೆ ಅಂದ್ರೆ ಕೊಂದೆ. ಈಗ ಏನ್ ಮಾಡ್ಲಿ ಹೇಳಿ."

ದಿನಾ ಕಾಲು ಭಾಗ ನೀರು ಬದಲಾಯಿಸಬೇಕು, ಅದೂ ನಲ್ಲಿಯಿಂದ ಹಿಡಿದು ಒಂದು ದಿನ ತೆರೆದಿಟ್ಟ ನೀರು. ಒಂದು ಕಾಳೂ ಹಾಕಕೂಡದು. ಆದರೆ ಅಷ್ಟರಿಂದಲೇ ಆಗುವುದಿಲ್ಲ. ಹಳೆಯ ತೊಟ್ಟಿಯೊಂದರ ಕೊಳಕು ಸ್ಪಂಜು ತಂದು ಇವತ್ತೇ ಹಾಕಬೇಕು. ಆತನ ಅಂಗಡಿಯ ತೊಟ್ಟಿಗಳಿಗೆಲ್ಲ ಮೊನ್ನೆ ತಾನೇ ಔಷಧಿ ಬಿದ್ದಿತ್ತು, ಅಲ್ಲಿನ ಸ್ಪಂಜಿನಲ್ಲಿ ಜೀವ ಇರಲಿಲ್ಲ.

"ಮೀನು ಸಾಕಿರೋರು ಯಾರಾದ್ರೂ ಗೊತ್ತಾ? ವರ್ಷಗಟ್ಟಲೆ ತೊಳೀದೆ ಬಿಟ್ಟಿರೋರು? ಎಷ್ಟು ಗಲೀಜಾಗಿದ್ರೆ ಅಷ್ಟು ಒಳ್ಳೇದು."

"ಒಬ್ಬಳು ಗೊತ್ತು," ಎಂದಳು.

ಆ ಒಬ್ಬಳು ಓರಗಿತ್ತಿ, ಮೈದುನನ ಹೆಂಡತಿ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಅವಳು ಮನೆಯಲ್ಲೇ ಕೂತು ಶೂಗಳ ಮೇಲ್ಭಾಗ ಹೊಲಿಯುತ್ತಿದ್ದಳು. ನೆಲತುಂಬ ದಾರ, ಚರ್ಮದ ಚೂರು, ಅಂಟಿನ ಡಬ್ಬ. ಕುರ್ಚಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಬೆಕ್ಕು. ಐದು ವರ್ಷದ ಹಿಂದೆ ಆ ಮನೆಯಲ್ಲಿ ಹತ್ತು ಜನ ನೆಂಟರು ಸೇರಿದ್ದ ದಿನ, ಬ್ಲೀಚಕ್ಕ ಬ್ಯಾಗಿನಿಂದ ಒಂದು ಬಟ್ಟೆ ತೆಗೆದು ಕುರ್ಚಿ ಒರೆಸಿ ಕೂತಿದ್ದಳು. ಅಷ್ಟಕ್ಕೇ ಬಿಡಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಯಾರೂ ಕೇಳದೆ, ಶೆಲ್ಫಿನ ಡಬ್ಬಗಳನ್ನೆಲ್ಲ ಇಳಿಸಿ ಉಜ್ಜಿ ತೊಳೆದಿಟ್ಟಳು. ಸಹಾಯ ಮಾಡಿದೆ ಎಂದೇ ತಿಳಿದಿದ್ದಳು. ನೆಂಟರು ಬಾಗಿಲಲ್ಲಿ ನಿಂತು ನೋಡಿದರು. ಓರಗಿತ್ತಿ ಅವತ್ತಿನಿಂದ ಮಾತು ಬಿಟ್ಟಳು. ಯಜಮಾನರು ತೀರಿದಾಗ ಬಂದಳು, ಹೊಸ್ತಿಲ ಹೊರಗೇ ಕೂತು ಅತ್ತು ಎದ್ದುಹೋದಳು. ಒಳಗೆ ಕಾಲಿಡಲಿಲ್ಲ.

ಈಗ ಬ್ಲೀಚಕ್ಕ ಆ ಮೆಟ್ಟಿಲು ಹತ್ತಿದಳು. ಕೈಯಲ್ಲಿ ತಿಕ್ಕಿ ತೊಳೆದ ಸ್ಟೀಲ್ ಡಬ್ಬ.

ಓರಗಿತ್ತಿ ಸೂಜಿ ಹಿಡಿದೇ ಬಾಗಿಲು ತೆಗೆದಳು. ಡಬ್ಬವನ್ನು ನೋಡಿದಳು. "ಏನಕ್ಕಾ, ಏನಾದ್ರೂ ಬೇಕಿತ್ತಾ?"

"ಕೊಳೆ ಬೇಕಿತ್ತು."

"ಏನು?"

"ಕೊಳೆ ಕಣೆ. ನಿನ್ನ ಮೀನಿನ ತೊಟ್ಟಿಯ ಕೊಳೆ."

ಓರಗಿತ್ತಿ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದಳು. "ಬೇರೇನ್ ಇದ್ರೂ ಇಲ್ದಿದ್ರೂ ನಮ್ಮನೇಲಿ ಅದಕ್ಕೆ ಬರ ಇಲ್ಲ. ಎಷ್ಟು ಕೆ.ಜಿ. ಕೊಡ್ಲಿ?"

ಬ್ಲೀಚಕ್ಕನ ಕಿವಿ ಬಿಸಿಯಾಯಿತು. ಬೇರೆ ದಿನವಾಗಿದ್ದರೆ ಇಳಿದುಹೋಗುತ್ತಿದ್ದಳು. "ಅನ್ನು. ಅನ್ನೋದಕ್ಕೆ ನಿನಗೆ ಹಕ್ಕಿದೆ. ಆದ್ರೆ ಬೇಗ ಅಂದು ಮುಗಿಸು. ನಾನು ತೊಟ್ಟಿ ತೊಳೆದುಬಿಟ್ಟೆ. ಮೂರು ಸತ್ತಿವೆ. ಮೇಸ್ತ್ರಿ ಮಗ್ಗುಲಾಗಿ ಬಿದ್ದಿದೆ."

ಮೇಸ್ತ್ರಿ ಎಂದ ಕೂಡಲೇ ಓರಗಿತ್ತಿ ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಒಳಗೆ ನಡೆದಳು. "ಸ್ಪಂಜನ್ನೂ ತೊಳೆದ್ರಾ?"

"ಹ್ಞೂಂ."

"ನಲ್ಲಿ ನೀರಲ್ಲಿ ತಾನೇ?"

"ಬ್ಲೀಚಿಂಗಲ್ಲಿ."

"ಅಯ್ಯೋ ನಿಮ್ಮ!" ಮುಂದಿನ ಮಾತನ್ನು ಓರಗಿತ್ತಿ ನುಂಗಿಕೊಂಡಳು.

ಅವಳ ತೊಟ್ಟಿ ಕಪಾಟಿನ ಪಕ್ಕದಲ್ಲಿತ್ತು. ಗಾಜಿನ ಮೂರು ಬದಿ ಪೂರ್ತಿ ಹಸಿರು, ಮುಂದಿನದರಲ್ಲಿ ಮಾತ್ರ ಅಂಗೈಯಗಲ ಉಜ್ಜಿದ ಜಾಗ. ಆ ಜಾಗದಲ್ಲಿ ಕೊಬ್ಬಿದ ಮೀನೊಂದು ಬಂದು ಬ್ಲೀಚಕ್ಕನನ್ನು ನೋಡಿ ಹೋಯಿತು. ಓರಗಿತ್ತಿ ಒಳಗೆ ಕೈ ಹಾಕಿ ಸ್ಪಂಜು ತೆಗೆದಳು. ಅದರಿಂದ ಕೆಸರಿನಂಥದು ಇಳಿಯುತ್ತಿತ್ತು. ಬ್ಲೀಚಕ್ಕ ಡಬ್ಬ ಮುಂದೆ ಹಿಡಿದಳು.

"ಈ ಡಬ್ಬಾನೂ ಬ್ಲೀಚಿಂಗಲ್ಲಿ ತೊಳೆದದ್ದಾ?"

"ಹೌದು, ಚೆನ್ನಾಗಿ..."

"ಹಾಗಾದ್ರೆ ಆ ಕಡೆ ಇಡಿ ಅದನ್ನ."

ಅವಳು ಮಂಚದ ಕೆಳಗಿಂದ ಒಂದು ಬಕೆಟ್ ಎಳೆದಳು. ಅದರ ಅಂಚಿನ ಸುತ್ತ ಪಾಚಿಯ ಗೆರೆ ಇತ್ತು. ತೊಟ್ಟಿಯ ನೀರನ್ನೇ ಅದಕ್ಕೆ ಮೊಗೆದು, ಚರ್ಮ ಕತ್ತರಿಸುವ ಕತ್ತರಿಯಿಂದ ಸ್ಪಂಜನ್ನು ಎರಡು ಮಾಡಿದಳು. "ಅರ್ಧ ನಿಮಗೆ, ಅರ್ಧ ನನ್ನವಕ್ಕೆ. ಒಣಗಿದ್ರೆ ಮುಗೀತು, ನೀರಲ್ಲೇ ಇರ್ಬೇಕು. ನಿಮ್ಮ ಕೈಗೆ ಕೊಟ್ಟು ಕಳಿಸೋಕೆ ನನಗೆ ಧೈರ್ಯ ಇಲ್ಲ. ನಡೀರಿ, ನಾನೂ ಬರ್ತೀನಿ."

ಬಸ್ಸಿನಲ್ಲಿ ಬಕೆಟ್ ಓರಗಿತ್ತಿಯ ತೊಡೆಯ ಮೇಲಿತ್ತು. ಪ್ರತಿ ಹಳ್ಳಕ್ಕೂ ನೀರು ತುಳುಕಿ ಸೀಟು ನೆನೆಯಿತು. "ಏನಮ್ಮಾ ಇದು, ಚರಂಡಿ ಹೊತ್ಕೊಂಡು ಬಂದಿದೀರಾ?" ಎಂದ ಕಂಡಕ್ಟರ್.

"ಔಷಧಿ," ಎಂದಳು ಬ್ಲೀಚಕ್ಕ.

ಕಿಟಕಿಯ ಹೊರಗೆ ನೋಡುತ್ತಾ ಆಕೆಯೇ ಬಾಯಿ ಬಿಟ್ಟಳು. "ಅವತ್ತು ನಿನ್ನ ಅಡುಗೆಮನೆ ತೊಳೆದದ್ದು ತಪ್ಪು."

"ಇದನ್ನ ಹೇಳೋಕೆ ಐದು ವರ್ಷ ಬೇಕಾಯ್ತಾ?"

"ಬೇಕಾಯ್ತು."

"ಆಮೇಲೆ ಆರು ತಿಂಗಳು ನನಗೆ ಉಪ್ಪಿನ ಡಬ್ಬ ಯಾವುದು ಅಂತಾನೇ ಗೊತ್ತಾಗ್ಲಿಲ್ಲ. ಎಲ್ಲಾನೂ ಹೊಳೀತಿತ್ತು," ಎಂದಳು ಓರಗಿತ್ತಿ.

ಮನೆ ಬಂತು. ಓರಗಿತ್ತಿ ಬಾಗಿಲಲ್ಲಿ ನಿಂತುಬಿಟ್ಟಳು. ಒಳಗೆ ನೆಲ ಕನ್ನಡಿಯಂತಿತ್ತು. ಅವಳ ಕಾಲಿಗೆ ಅಂಟು ಮೆತ್ತಿತ್ತು, ಬಕೆಟ್ ಸೋರುತ್ತಿತ್ತು. "ಕಾಲು ತೊಳ್ಕೊಂಡು ಬರ್ಲಾ?"

"ಹಾಗೇ ಬಾರೇ, ಸಾಯ್ತಾ ಇದೆ ಅದು."

ಸ್ಪಂಜನ್ನು ಸೋಸುವ ಡಬ್ಬಕ್ಕೆ ತುರುಕಿ ಮೋಟಾರು ಹಾಕಿದಾಗ ಹೊಳೆಯುವ ತೊಟ್ಟಿಯೊಳಗೆ ಕಂದು ಮೋಡ ಎದ್ದಿತು. ಬ್ಲೀಚಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು. ಎರಡು ದಿನದಿಂದ ಡ್ರಮ್ಮಿನಲ್ಲಿ ತೆರೆದೇ ಇದ್ದ ನೀರಿತ್ತು. ಓರಗಿತ್ತಿ ಹೇಳಿದ ಹಾಗೆ ಕಾಲು ಭಾಗ ಬದಲಾಯಿಸಿದರು.

"ಇದೆಲ್ಲ ನಿನಗೆ ಯಾರು ಹೇಳಿಕೊಟ್ರು?"

"ಇನ್ಯಾರು, ಭಾವ. ತಿಂಗಳಿಗೊಂದು ಸಲ ಬಂದು ನಮ್ಮ ತೊಟ್ಟಿ ಮುಂದೆ ಕೂತು ಹೋಗ್ತಿದ್ರು. ಮೋಟಾರ್ ಕೊಡೋಕೆ ಹೋಗ್ತೀನಿ ಅಂತ ನಿಮಗೆ ಹೇಳಿರ್ತಾರೆ."

"ಅದೇ ಹೇಳ್ತಿದ್ರು. ನನಗೆ ಯಾಕೆ ಹೇಳಿಕೊಡ್ಲಿಲ್ಲ?"

"ನಾನೂ ಕೇಳ್ದೆ. 'ಅವಳಿಗೆ ಕೊಳೆ ಬಿಡು ಅಂತ ಹೇಳೋದೂ ಒಂದೇ, ಉಸಿರಾಡಬೇಡ ಅನ್ನೋದೂ ಒಂದೇ. ಕೈಗೆ ಸಿಕ್ಕರೆ ಮೀನನ್ನೂ ಒಗೆದು ಇಸ್ತ್ರಿ ಹಾಕಿ ಮಡಿಸಿಡ್ತಾಳೆ' ಅಂದ್ರು. ನಗ್ತಾನೇ ಅಂದ್ರು ಅಕ್ಕ. ನಿಮ್ಮ ಮಾತು ಬಂದ್ರೆ ಅವರು ನಗ್ತಿದ್ರು."

ಬ್ಲೀಚಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವರು ತನ್ನ ಬಗ್ಗೆ ಯಾರ ಹತ್ತಿರವಾದರೂ ಮಾತಾಡಿದ್ದಾರೆಂದೇ ಆಕೆಗೆ ಗೊತ್ತಿರಲಿಲ್ಲ. "ಇನ್ನೂ ಏನಂತಿದ್ರು?" ಎಂದಳು. ಓರಗಿತ್ತಿ ಸಂಜೆಯವರೆಗೂ ಹೇಳಿದಳು. ಹೊಲಿಯಬೇಕಿದ್ದ ಶೂಗಳು ಅವತ್ತು ಹಾಗೇ ಉಳಿದವು.

ಕರಿ ಮೀನು ಸೋಮವಾರ ಸತ್ತಿತು. ಕೆಲಸದಲ್ಲಿ ಇಸ್ತ್ರಿ ಹಾಕುವವಳು, "ಮೀನಿಗೆ ರಜೆ ಕೇಳ್ತೀಯಲ್ಲ ಬ್ಲೀಚಕ್ಕ, ಯಜಮಾನ್ರು ಮಲಗಿದಾಗಲೂ ಒಂದು ದಿನ ಕೇಳ್ಲಿಲ್ಲ," ಎಂದಳು. ಬ್ಲೀಚಕ್ಕ ದಿನಾ ಬೆಳಗ್ಗೆ ಕಾಲು ಭಾಗ ನೀರು ತೆಗೆದು ಹಾಕಿದಳು. ಸ್ಪಂಜನ್ನು ಮುಟ್ಟಲಿಲ್ಲ. ಗಾಜಿನ ಮೇಲೆ ಸಣ್ಣಗೆ ಕಂದು ಪೊರೆ ಕಟ್ಟಿತು, ಅದನ್ನೂ ಮುಟ್ಟಲಿಲ್ಲ. ಕೈ ತಡೆಯದಿದ್ದಾಗ ಹೋಗಿ ಮೆಟ್ಟಿಲು ಉಜ್ಜಿ ಬರುತ್ತಿದ್ದಳು. ಮಹಡಿಯವರ ಮೆಟ್ಟಿಲೂ ಹೊಳೆಯತೊಡಗಿತು.

ಗುರುವಾರ ಮೇಸ್ತ್ರಿ ಮಗ್ಗುಲು ಬಿಟ್ಟು ನೆಟ್ಟಗಾಯಿತು. ಆದರೆ ತಳ ಬಿಟ್ಟು ಏಳಲಿಲ್ಲ. ಹತ್ತನೇ ದಿನ ನೀರಿನ ಬಿಳುಪು ಇಳಿದು ಆಚೆಯ ಗೋಡೆ ಕಂಡಿತು. ಉಳಿದ ಎರಡು ಈಜುತ್ತಿದ್ದವು. ಓರಗಿತ್ತಿ ಫೋನಿನಲ್ಲಿ, "ಒಂದೇ ಒಂದು ಕಾಳು ಹಾಕಿ ನೋಡಿ. ತಿಂದ್ರೆ ಬದುಕ್ತು," ಎಂದಳು.

ಬ್ಲೀಚಕ್ಕ ಡಬ್ಬದಿಂದ ಒಂದು ಕಾಳು ಆರಿಸಿ ಹಾಕಿದಳು. ಅದು ತೇಲಿತು. ಸಣ್ಣವೆರಡು ಅತ್ತ ಮೂಲೆಯಲ್ಲಿದ್ದವು, ನೋಡಲಿಲ್ಲ. ಕಾಳು ನೆನೆದು ಇಳಿಯತೊಡಗಿತು. ಅರ್ಧ ನೀರು ದಾಟಿತು. ಕಲ್ಲು ಮುಟ್ಟಲು ಇನ್ನು ಎರಡು ಬೆರಳು ಇತ್ತು. ಮೇಸ್ತ್ರಿ ಬಾಲ ಒಮ್ಮೆ ಆಡಿಸಿತು, ಮುಂದೆ ಬಂತು, ಬಾಯಿ ತೆರೆಯಿತು. ಕಾಳು ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಆಮೇಲೆ ಬರಲಿಲ್ಲ.

ಆಕೆ ಫೋನ್ ಎತ್ತಿಕೊಂಡಳು. "ತಿಂತು."

"ನಿಜವಾಗ್ಲೂ? ಉಗುಳಲಿಲ್ಲ ತಾನೇ?"

"ಒಂದು ಸಲ ಉಗುಳ್ತು. ಆಮೇಲೆ ನುಂಗ್ತು."

"ಎಷ್ಟು ಹಾಕಿದ್ರಿ?"

"ಒಂದೇ."

"ಇನ್ನೊಂದು ಹಾಕ್ಬೇಡಿ. ಆಸೆ ಆಗುತ್ತೆ, ಆದ್ರೂ ಹಾಕ್ಬೇಡಿ. ಇರಿ, ನಾನೂ ಬಂದು ನೋಡ್ತೀನಿ."

"ಬಾ," ಎಂದಳು ಬ್ಲೀಚಕ್ಕ. "ಹೊಲಿಯೋದನ್ನೂ ತಗೊಂಡು ಬಾ. ಇಲ್ಲೇ ಕೂತು ಹೊಲಿ."