ಅನೋಪೆತ್ರದ ಒಂದೇ ಪಾಳಿಯ ಶಾಲೆ

ಬಿಳಿಬೆಟ್ಟಗಳ ಸೀಮೆಯಲ್ಲಿ ಒಬ್ಬಂಟಿಯಾಗಿ ಆರು ತರಗತಿಗಳನ್ನು ನಡೆಸಿದ ಉಪಾಧ್ಯಾಯರು ಹಲವರಿದ್ದಾರೆ. ಅವರಲ್ಲಿ ಬಹುಮಂದಿ ಒಂದೆರಡು ಚಳಿಗಾಲ ಕಂಡು, ವರ್ಗ ಮಾಡಿಸಿಕೊಂಡು, ಕಡಲತಡಿಯ ಪಟ್ಟಣ ಸೇರಿದವರು. ಆ ಸೀಮೆಯ ತುತ್ತತುದಿಯ ಹಳ್ಳಿಯಾದ ಅನೋಪೆತ್ರಕ್ಕೆ ಹರೆಯದಲ್ಲಿ ಹೇಸರಗತ್ತೆಯ ಬೆನ್ನೇರಿ ಬಂದು, ನಿವೃತ್ತಿಯ ತನಕ ಅಲ್ಲೇ ನೆಲೆನಿಂತು, ಎರಡು ತಲೆಮಾರಿಗೆ ಅಕ್ಷರವನ್ನೂ ಅದಕ್ಕಿಂತ ಮಿಗಿಲಾಗಿ ನೆಮ್ಮದಿಯ ನಿದ್ದೆಯನ್ನೂ ಕೊಟ್ಟವರು ಮಾನ್ಯ ಅರಿಸ್ತೆಯಾ ಪಾತ್ಸುರಾಕಿ ಅವರೊಬ್ಬರೇ. ಅವರ ಗೌರವಾರ್ಥ ಊರವರು ಹೊರತರುತ್ತಿರುವ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವುದು ಅವರ ಶಿಷ್ಯೆಯಾದ ನನ್ನ ಪಾಲಿನ ಹೆಮ್ಮೆ.

ಅವರು ಬಂದದ್ದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ, ಕುರಿಗಳಿನ್ನೂ ಮೇಲಿನ ಹುಲ್ಲುಗಾವಲಲ್ಲೇ ಇದ್ದಾಗ. ನಮ್ಮ ಈ ದ್ವೀಪದ ಮೂಡಣ ಅಂಚಿನ ದ್ರಾಕ್ಷಿತೋಟದವರ ಮಗಳು. ನಮ್ಮ ಗಾಳಿಯಾಗಲಿ ನಮ್ಮ ಹಗೆಯಾಗಲಿ ಅವರಿಗೆ ಗೊತ್ತಿರಲಿಲ್ಲ. ಊರಲ್ಲಿ ಎರಡೇ ಮನೆತನ: ಮೇಲುಕೇರಿಯಲ್ಲಿ ಗಲೆರಾಕಿಸರು, ಕೆಳಕೇರಿಯಲ್ಲಿ ಮಲಂದ್ರಾಕಿಸರು. ಹಿಂದಿನ ವರ್ಷ ಹುಲ್ಲುಗಾವಲಿನ ಎಲ್ಲೆಯ ಜಗಳದಲ್ಲಿ ಮಲಂದ್ರಾಕಿಸರ ಹಿರಿಮಗ ಗುಂಡು ಹಾರಿಸಿ, ಸ್ತೆಲ್ಯೊ ಗಲೆರಾಕಿಸ್ ಎಂಬಾತ ಬಾವಿಕಟ್ಟೆಯ ಬಳಿ ಸತ್ತಿದ್ದ. ಕೊಂದವನು ಸೆರೆಮನೆಗೆ ಹೋದ. ಆದರೆ ಬೆಟ್ಟದ ನ್ಯಾಯ ಅಷ್ಟಕ್ಕೆ ಮುಗಿಯುವುದಿಲ್ಲವೆಂದು ಎರಡೂ ಕೇರಿಗಳಿಗೆ ತಿಳಿದಿತ್ತು. ಸತ್ತವನ ಮಗ ಮನೂಸೊಸನಿಗೆ ಆಗ ಹನ್ನೊಂದು ತುಂಬಿತ್ತು, ಅವನು ಬೆಳೆಯುವುದನ್ನೇ ಎಲ್ಲರೂ ಕಾಯುತ್ತಿದ್ದರು.

ಟೀಚರು ಗಂಟು ಬಿಚ್ಚುವ ಮೊದಲೇ ಕೆಳಕೇರಿಯ ಯಜಮಾನ, ಕೊಂದವನ ತಂದೆ ಸಿಫಿಸ್ ತಾತ ಬಂದು ಕಟ್ಟಳೆ ಹೇಳಿದ.

“ಬೆಳಿಗ್ಗೆ ಅವರ ಮಕ್ಳು, ಮಧ್ಯಾಹ್ನ ನಮ್ಮ ಮಕ್ಳು. ಬಾವಿಗೇ ಪಾಳಿ ಮಾಡ್ಕೊಂಡಿದೀವಿ, ನಿನ್ನ ಶಾಲೆ ಯಾವ ದೊಡ್ಡದು?”

“ಬಾವಿಗೆ ಬಾಯಿ ನೋಯಲ್ಲ ತಾತ, ನನಗೆ ನೋಯುತ್ತೆ. ಹೇಳಿದ್ದನ್ನೇ ಎರಡು ಸಲ ಹೇಳೋ ಚಟ ನನಗಿಲ್ಲ,” ಅಂದರಂತೆ ಇಪ್ಪತ್ತಮೂರರ ಆ ಹುಡುಗಿ.

ಮರುದಿನ ಒಂದು ಮಗುವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರು ದೂರು ಬರೆಯಲಿಲ್ಲ, ಮನೆಮನೆಗೆ ಹೋಗಿ ಬೇಡಲಿಲ್ಲ. ಬೆಳಗಾದರೆ ಗಂಟೆ ಬಾರಿಸಿ, ಒಲೆ ಹೊತ್ತಿಸಿ, ಕಿಟಕಿಗಳನ್ನೆಲ್ಲ ತೆರೆದು, ಬರಿದಾದ ಬೆಂಚುಗಳಿಗೆ ಗಟ್ಟಿದನಿಯಲ್ಲಿ ಪಾಠ ಹೇಳತೊಡಗಿದರು. ಊರು ಚಿಕ್ಕದು, ದನಿ ದೊಡ್ಡದು. ಹಾಲು ಕರೆಯುವವರ ಕಿವಿಗೂ ಮಗ್ಗಿ ಬೀಳುತ್ತಿತ್ತು. ತಿಂಗಳು ಕಳೆಯುವ ಹೊತ್ತಿಗೆ ಸ್ತೆಲ್ಯೊನ ಹೆಂಡತಿ ಅಂಥೂಲಾ ತಲೆಯಿಂದ ಕಾಲತನಕ ವಿಧವೆಯ ಕಪ್ಪುಟ್ಟು ಶಾಲೆಯ ಬಾಗಿಲಲ್ಲಿ ನಿಂತಳು.

“ಏನೇ ಟೀಚರಮ್ಮ, ಗೋಡೆಗಳಿಗೆ ಪಾಠ ಹೇಳ್ತೀಯಲ್ಲ, ತಲೆ ನೆಟ್ಟಗಿದೆಯಾ?”

“ಗೋಡೆಗಳು ಜಾಣ ಅಂಥೂಲಕ್ಕ. ಎದುರುಬದುರು ನಿಂತಿದ್ರೂ ಒಂದೇ ಸೂರು ಹೊತ್ಕೊಂಡಿವೆ.”

ಅಂಥೂಲಾ ಉಗಿದು ಹೊರಟುಹೋದಳು. ಆದರೆ ಆ ಸಂಜೆ ಟೀಚರೇ ಆಕೆಯ ಮನೆಯ ಮೆಟ್ಟಿಲು ಹತ್ತಿದರು. ಗಂಡನ ನೆತ್ತರಾದ ಅಂಗಿಯನ್ನು ಆಕೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಾಳೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಾಯಿಬಿಟ್ಟು ಕೇಳುವ ಎದೆ ಯಾರಿಗೂ ಇರಲಿಲ್ಲ.

“ಆ ಅಂಗಿ ಯಾರಿಗೆ ಅಂತ ಇಟ್ಟಿದೀರಾ ಅಕ್ಕ?”

“ನನ್ನ ಮಗನಿಗೆ. ಕೈಗೆ ಬಲ ಬಂದ ದಿನ ಕೊಡ್ತೀನಿ.”

“ಕೊಡಿ. ಅವತ್ತಿಗೆ ಅವನ ಅಳತೆಗೇ ಆಗಿರುತ್ತೆ. ಅವನನ್ನೂ ಅದರಲ್ಲೇ ಮಲಗಿಸ್ತಾರೆ. ಆಮೇಲೆ ಈ ಕಪ್ಪಿನ ಮೇಲೆ ಇನ್ಯಾವ ಕಪ್ಪು ಉಡ್ತೀರಾ?”

ಅಂಥೂಲಾ ಬಾಗಿಲತ್ತ ಕೈ ತೋರಿಸಿದಳು. ಟೀಚರು ತಂದಿದ್ದ ಒಣದ್ರಾಕ್ಷಿಯನ್ನು ಅಂಗಳದ ಕೋಳಿಗಳಿಗೆ ಎರಚಿದಳು. ಕೋಣೆಗೆ ಹಿಂದಿರುಗಿ, ಇನ್ನು ಈ ಊರಿನ ಋಣ ತೀರಿತೆಂದು ಗಂಟು ಕಟ್ಟತೊಡಗಿದೆನೆಂದು ಟೀಚರು ನನ್ನೊಡನೆ ಒಮ್ಮೆ ಹೇಳಿದ್ದುಂಟು.

ಎರಡು ದಿನ ಕಳೆದು, ಅವರು ಹೊರಡುವ ಮೊದಲೇ, ಅಂಥೂಲಾ ತನ್ನ ಮಗಳು ರಿನ್ಯೋಳನ್ನು ಕೈಹಿಡಿದು ತಂದು ಮುಂದಿನ ಬೆಂಚಲ್ಲಿ ಕೂರಿಸಿ ಹೋದಳು. ಮರುದಿನ ಮನೂಸೊಸ್ ಬಂದ. ಹೆಂಗಸೊಬ್ಬಳಿಗಿರುವ ಧೈರ್ಯ ತನಗಿಲ್ಲವೆನಿಸಿಕೊಳ್ಳಲು ಒಲ್ಲದ ಸಿಫಿಸ್ ತಾತನೂ ಮೊಮ್ಮಕ್ಕಳನ್ನು ಕಳಿಸಿದ. ಕಳಿಸಿ ಸುಮ್ಮನಾಗಲಿಲ್ಲ, ತೊಡೆಯ ಮೇಲೆ ಕೋವಿಯಿಟ್ಟುಕೊಂಡು ಶಾಲೆಯ ಈಚೆಗೋಡೆಯ ಮೇಲೆ ಕಾವಲು ಕುಳಿತ. ಆಚೆಗೋಡೆಯ ಮೇಲೆ ಅಂಥೂಲಳ ಅಣ್ಣ, ಅವನ ತೊಡೆಯ ಮೇಲೂ ಒಂದು ಕೋವಿ. ಮೊದಲ ಹಿಮ ಬಿದ್ದ ದಿನ ಇಬ್ಬರೂ ಗಡ್ಡ ಬೆಳ್ಳಗಾಗಿ ನಡುಗುತ್ತಿರಲು, ಟೀಚರು ಬಾಗಿಲು ತೆರೆದು ಹೇಳಿದರು: “ಕೋವಿ ಹೊರಗಿಟ್ಟು ಒಳಗೆ ಬನ್ನಿ. ಸೌದೆ ಒಡೆಯೋಕೆ ಇಬ್ಬರು ಗಂಡಸರು ಬೇಕಿತ್ತು.” ಅವರು ಮುಖ ನೋಡದೆ ಸೌದೆ ಒಡೆದರು, ಮುಖ ನೋಡದೆ ಬೆಟ್ಟದ ಸೊಪ್ಪಿನ ಕಷಾಯ ಕುಡಿದರು. ಆ ಚಳಿಗಾಲ ಪೂರ್ತಿ ಶಾಲೆಗೆ ಸೌದೆಯ ಕೊರತೆ ಬರಲಿಲ್ಲ.

ಮರುವರ್ಷ ಸಿಫಿಸ್ ತಾತನ ಕಿರಿಮಗನಿಗೆ ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ನೆತ್ತರು ತೊಳೆಯುವ ದಾರಿ ಒಂದೇ: ಸತ್ತವನ ಮನೆಯವರು ಕೊಂದವನ ಮನೆಯ ಮಗುವನ್ನು ಚರ್ಚಿನ ಜ್ಞಾನಸ್ನಾನದಲ್ಲಿ ಎತ್ತಿಕೊಂಡು ಹೆಸರಿಡಬೇಕು. ಆಮೇಲೆ ಎರಡೂ ಮನೆ ಬಂಧುಗಳು. ಬಂಧುವಿನ ಮೇಲೆ ಕೈ ಎತ್ತುವಂತಿಲ್ಲ. ತಾತ ಟೀಚರ ಬಳಿ ಬಂದು ತಲೆ ತಗ್ಗಿಸಿದ.

“ಅಂಥೂಲಳ ಹತ್ರ ನೀನೇ ಕೇಳು ಮಗಳೇ. ನನಗೆ ಮುಖ ಇಲ್ಲ.”

“ನಿಮ್ಮ ಬಾಯಿಂದಲೇ ಬರಬೇಕು ತಾತ. ನಾನು ನಿಮ್ಮ ಜೊತೆ ಬರ್ತೀನಿ, ಬದಲಿಗೆ ಬರಲ್ಲ.”

ಹಾಗೆ, ಊರೆಲ್ಲ ಕಿಟಕಿಯ ಸಂದಿಯಿಂದ ನೋಡುತ್ತಿರಲು, ಆ ಮುದುಕ ಮೇಲುಕೇರಿಗೆ ನಡೆದು, ಅಂಥೂಲಳ ಹೊಸ್ತಿಲಲ್ಲಿ ತಲೆಯ ಕಪ್ಪುವಸ್ತ್ರ ತೆಗೆದು ನಿಂತ. ಆಕೆ ಅಂದಳು: “ಹೆಸರು ನಾನಿಟ್ಟಿದ್ದೇ. ನಿಮ್ಮ ಮನೇಲಿ ಯಾರೂ ತುಟಿ ಎರಡು ಮಾಡಬಾರದು.”

ಎಂಬತ್ತಾರರ ವಸಂತದಲ್ಲಿ ಕೋವಿಗಳನ್ನೆಲ್ಲ ಚರ್ಚಿನ ಹೊರಗೋಡೆಗೆ ಒರಗಿಸಿ ಎರಡೂ ಕೇರಿಯವರು ಒಳಹೊಕ್ಕರು. ಹೆಸರೇನೆಂದು ಪಾದ್ರಿಗಳು ಕೇಳಿದಾಗ ಅಂಥೂಲಾ ಮಗುವನ್ನು ಎದೆಗೊತ್ತಿಕೊಂಡು, ಗಂಡನ ಹೆಸರಿನ ಹೆಣ್ಣುರೂಪವನ್ನು ಹೇಳಿದಳು: “ಸ್ತೆಲ್ಯಾನಿ.” ಕೊಂದವನ ಮನೆಯಲ್ಲಿ ಸತ್ತವನ ಹೆಸರು ದಿನಕ್ಕೆ ನೂರು ಸಲ ಕರೆಯಲ್ಪಡಲಿ ಎಂಬುದು ಆಕೆ ಕೊಟ್ಟ ಶಿಕ್ಷೆಯೋ, ಕ್ಷಮೆಯೋ? ಎರಡೂ ಹೌದೆನ್ನುತ್ತಾರೆ ಟೀಚರು. ಮರುದಿನ ಬೆಳಿಗ್ಗೆ ಪಾಳಿ ನೋಡದೆ ಬಾವಿಗೆ ಹೋದ ಅಂಥೂಲಾ ಆ ಅಂಗಿಯನ್ನು ತೊಳೆದು ಬಿಸಿಲಿಗೆ ಹರವಿದಳು.

ಆ ಮಗು ನಾನು.

ಮುಂದಿನ ಮೂವತ್ತೇಳು ವರ್ಷಗಳ ಸೇವೆಯನ್ನು ಎಷ್ಟೆಂದು ವರ್ಣಿಸಲಿ! ಬೆಟ್ಟಕ್ಕೆ ರಸ್ತೆ ಬಂದದ್ದು, ಮಕ್ಕಳು ಕಡಿಮೆಯೆಂದು ಶಾಲೆ ಮುಚ್ಚುವ ಮಾತು ಎದ್ದಾಗ ಎರಡೂ ಕೇರಿಯವರು ಒಂದೇ ಲಾರಿಯಲ್ಲಿ ಪಟ್ಟಣಕ್ಕಿಳಿದು ಅದನ್ನು ಉಳಿಸಿಕೊಂಡದ್ದು, ಎಲ್ಲವೂ ಅವರ ಕಾಲದ್ದೇ. ನಾನು ಪಶುವೈದ್ಯಕೀಯ ಓದಲು ಹೊರಟಾಗ ಹಡಗೆಂದರೆ ಹೆದರುವ ಟೀಚರು ನನ್ನ ಜೊತೆ ಬಂದು, ದಾರಿಯುದ್ದಕ್ಕೂ ವಾಂತಿ ಮಾಡುತ್ತಲೇ “ನೀನು ಹೆದರಬೇಡ” ಎಂದು ನನಗೆ ಧೈರ್ಯ ಹೇಳಿದರು. ಸ್ತೆಲ್ಯೊನನ್ನು ಕೊಂದ ನನ್ನ ದೊಡ್ಡಪ್ಪ ಸೆರೆಯಿಂದ ಮರಳಿ ಅಂಥೂಲಳ ಮೆಟ್ಟಿಲ ಬಳಿ ನಿಂತಾಗ ಆಕೆ ಒಳಗೆ ಕರೆಯಲಿಲ್ಲ, ಒಂದು ಲೋಟ ನೀರು ಕೊಟ್ಟಳು. “ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಕೇಳೋದು ದುರಾಸೆ,” ಎಂದರು ಟೀಚರು. ಮನೂಸೊಸ್ ಇಂದು ಮೂರು ಮಕ್ಕಳ ತಂದೆ. ಊರಿಗೇ ಒಳ್ಳೆಯ ಕುರಿಹಾಲಿನ ಚೀಸ್ ಮಾಡುವವನು.

ನಿವೃತ್ತಿಯ ಮರುತಿಂಗಳೇ ಟೀಚರು ಊರಿನ ಅಜ್ಜಿಯರಿಗೆ ಅಕ್ಷರ ಕಲಿಸತೊಡಗಿದ್ದಾರೆ. ಅವರು ನೂರು ವಸಂತ ಕಾಣಲಿ, ಆ ತರಗತಿ ಎಂದೂ ಬರಿದಾಗದಿರಲಿ, ಬೆಟ್ಟದ ಗಾಳಿ ಅವರ ಮೊಣಕಾಲನ್ನು ಕಾಡದಿರಲಿ ಎಂಬುದು ಎರಡೂ ಕೇರಿಗಳ ಹಾರೈಕೆ. ಆ ತರಗತಿಯ ಮುಂದಿನ ಬೆಂಚಿನವಳು ನನ್ನ ಧರ್ಮತಾಯಿ ಅಂಥೂಲಾ, ಎಂಬತ್ತರ ಹೊಸ್ತಿಲಲ್ಲಿ. ಈ ಲೇಖನ ಬರೆಯುತ್ತಿದ್ದೇನೆಂದು ತಿಳಿದು ಕನ್ನಡಕ ಏರಿಸಿ ಎಚ್ಚರಿಸಿದ್ದಾಳೆ: “ನನ್ನ ಟೀಚರ ಬಗ್ಗೆ ನೆಟ್ಟಗೆ ಬರಿ ಸ್ತೆಲ್ಯಾ. ಒಂದಕ್ಷರ ತಪ್ಪಿದ್ರೂ ಈಗ ನನಗೆ ಗೊತ್ತಾಗುತ್ತೆ.”