ಚೇಳಿಗೆ ಹಿಂದಿಯಲ್ಲಿ ಏನೆನ್ನುತ್ತಾರೆ?

ಗೆಳೆಯರೇ, ಇವತ್ತಿನ ಪಾಠಕ್ಕೆ ನನಗೆ ಬಿದ್ದ ಖರ್ಚು: ಜೋಳದ ಗೋದಾಮು ಒಂದು ದಿನ, ಮಜ್ಜಿಗೆ ಎರಡು ಗಡಿಗೆ, ಎಡಗಾಲಿನ ಚಪ್ಪಲಿ ಒಂದು.

ಸ್ವರಾಜ್ಯದ ಬೆನ್ನಿಗೆ ಶಾಲೆಗೆ ಹಿಂದಿಯೂ ಬಂತಲ್ಲ, ಅದನ್ನು ಕಲಿಸುವ ಮಾಸ್ತರರಿಗೆ ರೋಣದ ನನ್ನ ಗೋದಾಮಿನಲ್ಲೇ ತರಬೇತಿ. ಹಿಂದಿಯನ್ನು ಹಿಂದಿಯಲ್ಲೇ ಕಲಿಸಬೇಕು. ಶಬ್ದ ಹೊಳೆಯದಿದ್ದರೆ ಅಭಿನಯಿಸಿ ತೋರಿಸಬೇಕು. ಕನ್ನಡ ಬಾಯಿಗೆ ಬಂತೋ, ನಪಾಸು. ಸವಡಿಯ ಬಸಪ್ಪ ಮಾಸ್ತರರು ಹೀಗೆ ಎರಡು ಸಲ ನಪಾಸಾಗಿದ್ದರು. ಇಂದಿನದು ಕಡೆಯ ಅವಕಾಶ.

ಪಾಠದ ನಡುವೆ ಅವರಿಗೆ ಪರೀಕ್ಷಕರ ಕುರ್ಚಿಯ ಕೆಳಗೆ ಚೇಳು ಕಂಡಿತು. ಅದರ ಹಿಂದಿ ಹೆಸರು ಗೊತ್ತಿಲ್ಲ. ಬೆರಳುಗಳನ್ನು ಇಕ್ಕಳ ಮಾಡಿದರು, ಬೆನ್ನ ಹಿಂದೆ ಕೈಯೆತ್ತಿ ಬಾಲ ತೋರಿಸಿದರು, ಕಾಲೆತ್ತಿ ಕುಣಿದರು. ವಿದ್ಯಾರ್ಥಿಗಳಾಗಿ ಕುಳಿತಿದ್ದ ಉಳಿದ ಮಾಸ್ತರರು, ಕಲಿತ ಪದ್ಧತಿಯಂತೆ, ಎದ್ದು ಹಾಗೆಯೇ ಕುಣಿದರು.

"ಬಹುತ್ ಅಚ್ಛಾ!" ಎಂದು ಪರೀಕ್ಷಕರು ಅಂಕ ಹಾಕುತ್ತಲೇ ಇದ್ದರು. ಆಮೇಲೆ ಕೆಳಗೆ ನೋಡಿದವರೇ ಕುರ್ಚಿಯ ಮೇಲೇರಿ ಕೂಗಿದರು: "ಅಯ್ಯಯ್ಯೋ, ಚೇಳ್ರೆಪಾ! ಯಾರರ ಲಗೂ ಹೊಡೀರಿ!"

ನಾನು ಬಾಗಿಲಿನಿಂದ ಚಪ್ಪಲಿ ಎಸೆದೆ. ಚೇಳು ಜೋಳದ ಚೀಲಗಳ ಸಂದಿಗೆ ಹೋಯಿತು, ಚಪ್ಪಲಿಯೂ ಅದರ ಹಿಂದೆ ಹೋಯಿತು.

"ಮಾಸ್ತರ, ಮೊದಲ ಹೇಳಬಾರದೇನ್ರಿ?" ಎಂದರು ಪರೀಕ್ಷಕರು.

ಬಸಪ್ಪನವರು ಮತ್ತೆ ಬೆನ್ನ ಹಿಂದೆ ಕೈಯೆತ್ತಿ ಬಾಲ ತೋರಿಸಿದರು. ನಾನೇ ಹೇಳಿದೆ: "ಹೇಳಿದ್ರ ನಪಾಸ್ ಮಾಡ್ತಿದ್ರಿ, ಸಾಹೇಬ್ರ. ಇಲ್ಲಿತನಕ ಕನ್ನಡ ಆಡಿದವರು ನೀವೊಬ್ರ ನೋಡ್ರಿ."

ಬಸಪ್ಪ ಮಾಸ್ತರರಿಗೆ ಪಾಸು. ಪರೀಕ್ಷಕರಿಗೆ ಜೀವ. ಚೇಳಿಗೆ ನನ್ನ ಗೋದಾಮು. ನನಗೆ ಬಲಗಾಲಿನ ಚಪ್ಪಲಿ.